ಆಯಾ ಕೈಗೆ ಮಗು ಕೊಡುವ ಮುನ್ನ

"ಮಗುವಿಗೆ ಆರು ತಿಂಗಳು ತುಂಬುತ್ತಿದೆ. ಮುಂದಿನ ತಿಂಗಳಿನಿಂದ ನಾನು ಕೆಲಸಕ್ಕೆ ಹೋಗಬೇಕು. ಆಯಾ ಒಬ್ಬರನ್ನು ಗೊತ್ತು ಮಾಡಿದ್ದೇವೆ. ಆಕೆಗೆ ಯಾವ ಯಾವ ರಕ್ತಪರೀಕ್ಷೆ ಮಾಡಿಸಬೇಕು, ತಿಳಿಸಿ." ಓದುಗರೊಬ್ಬರು ಕೇಳಿರುವ ಈ ಪ್ರಶ್ನೆಯನ್ನು ನನ್ನ ಚಿಕಿತ್ಸಾಲಯಕ್ಕೆ ಬರುವ ತಂದೆತಾಯಂದಿರೂ ಆಗಾಗ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದು ಅರ್ಧ ಪ್ರಶ್ನೆ. ಆಕೆ ಕೆಲಸ ಮಾಡಲಿರುವ ಮನೆಯನ್ನೂ ಒಮ್ಮೆ ಪರೀಕ್ಷಿಸಬೇಕಲ್ಲವೆ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊದಲಿಗೆ ಆ ಆರು ತಿಂಗಳ ವಿಚಾರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರಗಳಷ್ಟಿದ್ದ ಸಂಬಳಸಹಿತ ರಜೆಯನ್ನು 2017ರ ತಿದ್ದುಪಡಿ 26 ವಾರಗಳಿಗೆ ಹೆಚ್ಚಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಅವಧಿ ಉಳಿದಿದೆ. ಇದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವರ ಮಗುವಿಗೆ ಅಮ್ಮ ಕೆಲಸಕ್ಕೆ ಹೊರಡುವ ದಿನ ನಾಲ್ಕೂವರೆ, ಐದು ತಿಂಗಳೂ ಆಗಿರಬಹುದು. ಖಾಸಗಿ ಶಾಲೆ, ಸಣ್ಣ ಕಚೇರಿ, ಅಂಗಡಿಗಳಲ್ಲಿ ದುಡಿಯುವ ಎಷ್ಟೋ ತಾಯಂದಿರಿಗೆ ಇಷ್ಟು ರಜೆಯೂ ಕೈಗೆ ಸಿಗುವುದಿಲ್ಲ, ಆ ಮಾತು ಬೇರೆ.

ಈಗ ಮಗುವಿನ ಕಡೆಯಿಂದ ಲೆಕ್ಕ ಹಾಕಿ ನೋಡಿ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ತಿಂಗಳಿಗೆ ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ಬೇಳೆ ಶುರುವಾಗುತ್ತದೆ. ಹೊಸ ಆಹಾರ, ಹೊಸ ಪಾತ್ರೆ, ಹೊಸ ಚಮಚ ಎಲ್ಲವೂ ಒಟ್ಟಿಗೆ ಬರುತ್ತವೆ. ತಾಯಿಯ ಗರ್ಭದಲ್ಲಿದ್ದಾಗ ಪಡೆದುಕೊಂಡು ಬಂದ ರೋಗನಿರೋಧಕ ಶಕ್ತಿ ಕರಗುವುದೂ ಈ ಹೊತ್ತಿನಲ್ಲೇ. ಮಗು ಅಂಬೆಗಾಲಿಡಲು ಹವಣಿಸುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುತ್ತದೆ. ಆದುದರಿಂದಲೇ ಆರು ತಿಂಗಳಿನಿಂದ ಎರಡು ವರ್ಷದವರೆಗೆ ವಾಂತಿಭೇದಿ ಹೆಚ್ಚು. ಇಷ್ಟೆಲ್ಲ ಒಟ್ಟಿಗೆ ಬಂದೆರಗುವ ತಿಂಗಳಲ್ಲೇ ಮಗುವನ್ನು ನೋಡಿಕೊಳ್ಳುವ ಕೈ ಬದಲಾಗುತ್ತದೆ. ಹೊಸದಾಗಿ ಬಂದ ಆಯಾ ಏನೋ ಕೊಟ್ಟುಬಿಟ್ಟಳು, ಅದಕ್ಕೇ ಭೇದಿಯಾಯಿತು ಎಂದು ದೂರುವ ಮನೆಯವರು ಈ ಲೆಕ್ಕವನ್ನು ಗಮನಿಸಬೇಕು. ಆಕೆ ಬಾರದಿದ್ದರೂ ಈ ಕಾಲ ಎಚ್ಚರಿಕೆಯ ಕಾಲವೇ.

ಹಾಗಿದ್ದರೆ ಆಕೆಗೆ ಪರೀಕ್ಷೆ ಬೇಡವೆ? ಬೇಕು. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಆಗಲೇಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಕ್ಷಯ ತಗಲಿದರೆ ಅದು ಮಿದುಳು ಪೊರೆಯವರೆಗೂ ಹೋಗಬಲ್ಲದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಔಷಧಿಯೂ ಉಚಿತ. ಕ್ಷಯ ಇದೆ ಎಂದು ಗೊತ್ತಾದರೆ ಆಕೆಯನ್ನು ಕೆಲಸದಿಂದ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಚಿಕಿತ್ಸೆ ಕೊಡಿಸಿ, ವೈದ್ಯರು ಹೇಳುವವರೆಗೆ ಸಂಬಳಸಹಿತ ರಜೆ ಕೊಡಿ, ಮಗುವನ್ನೂ ತೋರಿಸಿ. ಕಜ್ಜಿ ಇದ್ದರೆ ಚಿಕಿತ್ಸೆ ಸುಲಭ. ಪ್ರತಿವರ್ಷದ ಫ್ಲೂ ಲಸಿಕೆ ಮತ್ತು ನಾಯಿಕೆಮ್ಮು, ಧನುರ್ವಾಯು, ಗಂಟಲಮಾರಿ ಮೂರಕ್ಕೂ ಸೇರಿ ದೊಡ್ಡವರಿಗೆ ಕೊಡುವ ಲಸಿಕೆ ಆಕೆಗೂ ಒಳ್ಳೆಯದು, ಅಜ್ಜ ಅಜ್ಜಿಗೂ ಒಳ್ಳೆಯದು. ಖರ್ಚು ನಿಮ್ಮದಾಗಿರಲಿ. ಇನ್ನು ಎಚ್.ಐ.ವಿ. ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿಯುವವರಿದ್ದಾರೆ. ಮಗುವನ್ನು ಎತ್ತಿ ಆಡಿಸುವುದರಿಂದ, ಉಣಿಸುವುದರಿಂದ ಎಚ್.ಐ.ವಿ. ಹರಡುವುದಿಲ್ಲ. ಕೆಲಸ ಕೊಡಲು ಅದನ್ನೊಂದು ಷರತ್ತಾಗಿಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಇಷ್ಟಾದ ಮೇಲೆ ಮನೆಯ ಪರೀಕ್ಷೆಗೆ ಬರೋಣ. ಮಗುವಿನ ಭೇದಿಯನ್ನು ತಡೆಯಲು ಅತ್ಯಂತ ಅಗ್ಗದ ಉಪಾಯ ಸಾಬೂನು ಹಾಕಿ ಕೈ ತೊಳೆಯುವುದು. ಶೌಚದ ನಂತರ, ಮಗುವಿನ ಮಲ ತೆಗೆದ ನಂತರ, ಉಣಿಸುವ ಮುಂಚೆ. ಇದನ್ನು ಆಯಾಗೆ ಹತ್ತು ಸಲ ಹೇಳಿರುತ್ತೀರಿ. ಆದರೆ ಆಕೆ ಶೌಚಕ್ಕೆ ಹೋಗುವುದು ಎಲ್ಲಿ? ಮೂರು ಬಚ್ಚಲುಮನೆಗಳಿರುವ ಫ್ಲ್ಯಾಟುಗಳಲ್ಲಿಯೂ ಆಕೆಗೆ ಒಂದನ್ನೂ ಬಳಸುವ ಅನುಮತಿ ಇರುವುದಿಲ್ಲ. ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಕೆಲಸದವರಿಗೆಂದು ಒಂದು ಶೌಚಾಲಯ. ಅಲ್ಲಿ ನೀರಿದ್ದರೆ ಸಾಬೂನಿಲ್ಲ. ಮಗುವನ್ನು ಒಂಟಿಯಾಗಿ ಬಿಟ್ಟು ಹತ್ತು ಮಹಡಿ ಇಳಿದು ಹೋಗುವಂತೆಯೂ ಇಲ್ಲ. ಆದುದರಿಂದ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ನೀರು ಕುಡಿಯದೆ ತಡೆದುಕೊಂಡು ಕೂರುವ ಹೆಂಗಸರಿದ್ದಾರೆ. ಉರಿಮೂತ್ರವೆಂದು ಬರುತ್ತಾರೆ, ಕಾರಣ ಕೇಳಿದರೆ ನಾಚಿಕೊಂಡು ತಲೆ ತಗ್ಗಿಸುತ್ತಾರೆ. ಮನೆಯೊಳಗಿನ ಶೌಚಾಲಯ, ಅಲ್ಲೊಂದು ಸಾಬೂನು, ಒರೆಸಿಕೊಳ್ಳಲು ಒಗೆದ ಟವೆಲು ಇವು ಆಕೆಗೆ ಮಾಡುವ ಉಪಕಾರವೆಂದು ತಿಳಿಯಬೇಡಿ, ನಿಮ್ಮ ಮಗುವಿನ ಆರೋಗ್ಯಕ್ಕೆ ಇವು ಬೇಕು.

ಲೋಟದ ವಿಚಾರವನ್ನೂ ಹೇಳಿಬಿಡುತ್ತೇನೆ, ಕೆಲವರಿಗೆ ಬೇಸರವಾದರೂ ಚಿಂತೆಯಿಲ್ಲ. ಆಯಾಗೆಂದು ಕಿಟಕಿಯ ಮೇಲೊಂದು ಬೇರೆ ಲೋಟ, ಬೇರೆ ತಟ್ಟೆ ಇಡುವ ಮನೆಗಳು ನಮ್ಮ ಊರುಗಳಲ್ಲಿ ಇಂದಿಗೂ ಇವೆ. ಕೇಳಿದರೆ ಶುಚಿತ್ವ ಎನ್ನುತ್ತಾರೆ. ಅದೇ ಹೆಂಗಸು ಅನ್ನ ಕಿವುಚಿ, ಬೆರಳಿಂದ ತುತ್ತು ಮಾಡಿ ಮಗುವಿನ ಬಾಯಿಗಿಡುವುದನ್ನು ಆ ಮನೆಯವರೇ ದಿನವೂ ನೋಡುತ್ತಿರುತ್ತಾರೆ. ರೋಗಾಣುಗಳ ಭಯವಿದ್ದಿದ್ದರೆ ಲೋಟಕ್ಕಿಂತ ಮೊದಲು ತುತ್ತಿಗೆ ಹೆದರಬೇಕಿತ್ತು. ಇದು ಶುಚಿತ್ವವಲ್ಲ, ಏನೆಂಬುದು ಓದುಗರಿಗೆ ಗೊತ್ತಿದೆ. ಎರಡು ವರ್ಷದ ಮಗು ಕೂಡ ಇದನ್ನು ನೋಡಿ ಕಲಿಯುತ್ತದೆ.

ಆಯಾ ಎಂಬುದು ಪೋರ್ಚುಗೀಸರ ಭಾಷೆಯಿಂದ ಬಂದ ಪದ. ಬ್ರಿಟಿಷರ ಕಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಹಡಗಿನಲ್ಲಿ ಇಂಗ್ಲೆಂಡಿಗೆ ಕರೆದೊಯ್ದ ನಮ್ಮ ದೇಶದ ಆಯಾಗಳಲ್ಲಿ ಕೆಲವರನ್ನು ಅಲ್ಲಿ ಇಳಿದೊಡನೆ ಕೈಬಿಟ್ಟದ್ದೂ ಉಂಟು. ಅಂಥವರಿಗೆ ಆಶ್ರಯವಾಗಿದ್ದ ಲಂಡನ್ನಿನ ಹ್ಯಾಕ್ನಿಯ 'ಆಯಾಗಳ ಮನೆ'ಗೆ 2022ರಲ್ಲಿ ಸ್ಮಾರಕ ಫಲಕ ಹಾಕಿದರು. ಅದೇ ಲಂಡನ್ನಿನಲ್ಲಿ 1892ರಲ್ಲಿ ಎಮಿಲಿ ವಾರ್ಡ್ ಎಂಬಾಕೆ ಮಕ್ಕಳನ್ನು ನೋಡಿಕೊಳ್ಳುವವರಿಗಾಗಿಯೇ ನಾರ್ಲಂಡ್ ಸಂಸ್ಥೆಯನ್ನು ತೆರೆದಿದ್ದಳು. ಮಗು ನೋಡಿಕೊಳ್ಳುವುದು ಕಲಿತು ಮಾಡಬೇಕಾದ ವೃತ್ತಿ ಎಂಬ ತಿಳಿವಳಿಕೆ ಅಷ್ಟು ಹಳೆಯದು. ಸಂಸ್ಥೆ ಇಂದಿಗೂ ಬಾತ್ ನಗರದಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಮಾತ್ರ ಹೆಂಗಸಾದವಳಿಗೆ ಇದು ಹುಟ್ಟಿನಿಂದಲೇ ಬರುತ್ತದೆ ಎಂದು ನಂಬಿ ಕೂತಿದ್ದೇವೆ. ಏಜೆನ್ಸಿಯವರು 'ತರಬೇತಿ ಪಡೆದವರು' ಎಂದು ಕಳಿಸುವವರಲ್ಲಿ ಎಷ್ಟೋ ಮಂದಿಗೆ ಡೈಪರ್ ಕಟ್ಟುವುದನ್ನು ಬಿಟ್ಟು ಬೇರೇನನ್ನೂ ಯಾರೂ ಕಲಿಸಿರುವುದಿಲ್ಲ.

ಏನು ಕಲಿಸಬೇಕು? ನನ್ನ ಮಟ್ಟಿಗೆ ಔಷಧಿಯ ವಿಚಾರ ಎಲ್ಲಕ್ಕಿಂತ ಮೊದಲು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಅನ್ನೇ ತೆಗೆದುಕೊಳ್ಳಿ. ಹಸುಗೂಸುಗಳಿಗೆಂದು ಬರುವ ಹನಿಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ. ಅಂದರೆ ಹನಿಯ ಔಷಧಿ ನಾಲ್ಕು ಪಟ್ಟು ಗಟ್ಟಿ. ಸಿರಪ್ಪಿನಲ್ಲೇ 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಬಾಟಲಿಯೂ ಬರುತ್ತದೆ. ಮೂರಕ್ಕೂ ಒಂದೇ ಹೆಸರು, ಹೆಚ್ಚು ಕಡಿಮೆ ಒಂದೇ ಬಣ್ಣ. ಅಕ್ಕನ ಸಿರಪ್ಪಿನ ಅಳತೆಯಲ್ಲಿ ತಮ್ಮನಿಗೆ ಹನಿಯ ಔಷಧಿ ಕೊಟ್ಟರೆ ಏನಾದೀತು, ಯೋಚಿಸಿ. ಆದುದರಿಂದ ಆಯಾ ತಾನಾಗಿ ಯಾವ ಔಷಧಿಯನ್ನೂ ಕೊಡಕೂಡದು, ನಿಮಗೆ ಫೋನು ಮಾಡಿಯೇ ಕೊಡಬೇಕು ಎಂಬುದು ಮೊದಲ ದಿನದ ನಿಯಮವಾಗಿರಲಿ. ಮನೆಯಲ್ಲಿ ಆ ಮಗುವಿಗೆ ಬೇಕಾದ ಒಂದೇ ಬಾಟಲಿ ಕೈಗೆ ಸಿಗುವಂತಿರಲಿ, ಉಳಿದವು ಬೀರುವಿನೊಳಗಿರಲಿ.

ಕೆಮ್ಮಿನ ಔಷಧಿಯಂತೂ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಕಿಲ್ಲ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಸೂಚನೆ ಹೊರಡಿಸಿತು. ಇಲ್ಲಿ ಇನ್ನೊಂದು ಕಟು ಮಾತೂ ಇದೆ. ನೆಗಡಿ ಔಷಧಿ ಕೊಟ್ಟರೆ ಮಗು ಮಲಗುತ್ತದೆ ಎಂಬುದು ಹಲವರಿಗೆ ಗೊತ್ತು. ದಿನವಿಡೀ ಮಂಕಾಗಿರುವ, ಸಂಜೆ ನೀವು ಬಂದಾಗಲೂ ತೂಕಡಿಸುವ, ಊಟ ಕಡಿಮೆ ಮಾಡಿದ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಿ. ಹಾಗೆಂದು ಎಲ್ಲ ಆಯಾಗಳನ್ನೂ ಅನುಮಾನಿಸಬೇಡಿ. ದೂರಪ್ರಯಾಣದ ಬಸ್ಸು ಹತ್ತುವ ಮುಂಚೆ ಇದೇ ಔಷಧಿಯನ್ನು ಒಂದು ಚಮಚ ಹಾಕುವ ತಂದೆತಾಯಂದಿರೂ ನನಗೆ ಗೊತ್ತು.

ಎಣ್ಣೆ ನೀರಿನ ಪದ್ಧತಿಯನ್ನು ನಾನು ವಿರೋಧಿಸುವವನಲ್ಲ. ಕಾಲು ಚಾಚಿ ಕೂತು, ಮಗುವನ್ನು ಮಲಗಿಸಿಕೊಂಡು, ಹದವಾಗಿ ಎಣ್ಣೆ ತಿಕ್ಕಿ ನೀರು ಹಾಕುವ ಹೆಂಗಸಿನ ಕೈಯಲ್ಲಿರುವ ನೈಪುಣ್ಯ ಯಾವ ತರಬೇತಿ ಕೇಂದ್ರದಲ್ಲೂ ಸಿಗದು. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಸ್ನಾನದ ನಂತರ ಕದ ಮುಚ್ಚಿ ಹಾಕುವ ಸಾಮ್ರಾಣಿ ಹೊಗೆ, ಕಣ್ಣಿಗೆ ಹಚ್ಚುವ ಅಂಗಡಿಯ ಕಾಡಿಗೆ, ವರ್ಷ ತುಂಬುವ ಮೊದಲೇ ನಾಲಿಗೆಗೆ ಸವರುವ ಜೇನುತುಪ್ಪ ಇವೂ ಬೇಡ. ಹಿಂಡಿಟ್ಟ ತಾಯಿಹಾಲು ಹೊರಗೆ ತಂಪು ಜಾಗದಲ್ಲಿ ನಾಲ್ಕು ಗಂಟೆ ಉಳಿಯುತ್ತದೆ, ಬೇಸಿಗೆಯಲ್ಲಿ ಅಷ್ಟೂ ನಂಬುವಂತಿಲ್ಲ, ಫ್ರಿಜ್ಜಿನಲ್ಲಿಡಿ. ಕುಡಿಸಲು ಬಾಟಲಿಗಿಂತ ಒಳಲೆಯೋ ಸಣ್ಣ ಬಟ್ಟಲೋ ಮೇಲು, ಅವುಗಳನ್ನು ತಿಕ್ಕಿ ಕುದಿಸುವುದು ಸುಲಭ. ನಮ್ಮ ಅಜ್ಜಿಯರು ಅಟ್ಟದ ಮೇಲಿಟ್ಟ ಒಳಲೆಯನ್ನು ಇಳಿಸಿಕೊಳ್ಳಲು ಇದು ಒಳ್ಳೆಯ ಕಾಲ.

ಇನ್ನು ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿರುವ ವಿಷಯ. ಹತ್ತು ತಿಂಗಳ ಮಗುವೊಂದನ್ನು ಒಂದು ರಾತ್ರಿ ನನ್ನಲ್ಲಿಗೆ ತಂದರು. ಸಂಜೆಯಿಂದ ನಾಲ್ಕು ಸಲ ವಾಂತಿ, ಮಂಪರು. ಮಧ್ಯಾಹ್ನದ ಊಟ ಸರಿಹೋಗಿಲ್ಲ ಎಂದು ತಂದೆತಾಯಿ ಭಾವಿಸಿದ್ದರು. ತಲೆ ಸವರಿದಾಗ ಕಿವಿಯ ಮೇಲ್ಭಾಗದಲ್ಲಿ ಮೆತ್ತಗಿನ ಊತ ಕೈಗೆ ಸಿಕ್ಕಿತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಸ್ಕ್ಯಾನಿನಲ್ಲಿ ತಲೆಬುರುಡೆಯ ಸಣ್ಣ ಬಿರುಕು ಕಂಡಿತು. ಮಗು ಚೇತರಿಸಿಕೊಂಡಿತು, ಈಗ ಶಾಲೆಗೆ ಹೋಗುತ್ತಿದೆ. ಆ ದಿನ ಮಧ್ಯಾಹ್ನ ಮಗು ಮಂಚದಿಂದ ಬಿದ್ದದ್ದನ್ನು ಆಯಾ ಹೇಳಿರಲಿಲ್ಲ. ಮಾರನೆಯ ದಿನ ಕೇಳಿದಾಗ ಅಳುತ್ತಾ ಒಪ್ಪಿಕೊಂಡಳಂತೆ. ಅವಳನ್ನು ಪೊಲೀಸರಿಗೆ ಕೊಡಬೇಕೆಂದು ತಂದೆ ಕೂಗಾಡುತ್ತಿದ್ದರು. ಅದಕ್ಕೆ ಎರಡು ತಿಂಗಳ ಹಿಂದೆ ಅವಳ ಕೈಜಾರಿ ಒಂದು ಫ್ಲಾಸ್ಕು ಒಡೆದಾಗ ಸಂಬಳದಲ್ಲಿ ಹಣ ಮುರಿದುಕೊಂಡಿದ್ದನ್ನು ತಾಯಿಯೇ ನನಗೆ ಹೇಳಿದರು. ಒಡೆದ ಫ್ಲಾಸ್ಕಿಗೇ ಇಷ್ಟಾದರೆ ಬಿದ್ದ ಮಗುವಿಗೆ ಎಷ್ಟಾದೀತು ಎಂದು ಆ ಹೆಂಗಸು ಲೆಕ್ಕ ಹಾಕಿರಬೇಕು.

ಮಕ್ಕಳು ಬೀಳುತ್ತವೆ. ಅಮ್ಮನ ಕೈಯಲ್ಲೂ ಬೀಳುತ್ತವೆ, ಅಜ್ಜಿಯ ಕೈಯಲ್ಲೂ ಬೀಳುತ್ತವೆ. ಬಿದ್ದದ್ದು ಐದು ನಿಮಿಷದಲ್ಲಿ ಗೊತ್ತಾದರೆ ವೈದ್ಯರಿಗೆ ಎಷ್ಟೋ ಅನುಕೂಲ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ, ತಲೆಯ ಮೇಲೆ ಬೆಳೆಯುವ ಊತ ಕಂಡರೆ ಒಂದು ಕ್ಷಣವೂ ಕಾಯುವಂತಿಲ್ಲ. ಆದುದರಿಂದ ಆಕೆ ಕೆಲಸಕ್ಕೆ ಸೇರಿದ ದಿನವೇ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿ: "ಮಗು ಬಿದ್ದರೆ, ಸುಟ್ಟುಕೊಂಡರೆ, ಏನಾದರೂ ನುಂಗಿದರೆ ಮೊದಲು ನನಗೆ ಫೋನು ಮಾಡಮ್ಮ. ಹೇಳಿದ್ದಕ್ಕೆ ನಿನ್ನನ್ನು ಬೈಯುವುದಿಲ್ಲ, ಸಂಬಳ ಮುರಿಯುವುದಿಲ್ಲ." ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ. ಮೊದಲನೆಯ ಸಲ ಆಕೆ ಸಣ್ಣದೊಂದು ಗೀರನ್ನು ತೋರಿಸಿ 'ಅಕ್ಕ, ಆಟ ಆಡುವಾಗ ತಗುಲಿತು' ಎಂದಾಗ ನಿಮ್ಮ ಮುಖ ಹೇಗಾಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಕ್ಯಾಮರಾ ಹಾಕಿಸಿದ್ದೇವೆ, ಭಯವಿಲ್ಲ ಎನ್ನುವವರಿಗೂ ಇದೇ ಮಾತು. ಕ್ಯಾಮರಾ ಹಾಕುವುದಾದರೆ ಆಕೆಗೆ ತಿಳಿಸಿ ಹಾಕಿ. ಬಚ್ಚಲು, ಬಟ್ಟೆ ಬದಲಿಸುವ ಕೋಣೆಗೆ ಬೇಡ. ಹೊಡೆತವನ್ನು ಅದು ತೋರಿಸೀತು. ಕೈ ತೊಳೆದರೋ ಇಲ್ಲವೋ, ಹಾಲು ಹಳಸಿತ್ತೋ, ಮೈ ಬಿಸಿಯಿತ್ತೋ ತೋರಿಸಲಾರದು. ಕಚೇರಿಯಲ್ಲಿ ಕೂತು ಐದೈದು ನಿಮಿಷಕ್ಕೊಮ್ಮೆ ಫೋನಿನಲ್ಲಿ ಮಗುವನ್ನು ನೋಡುವ ತಾಯಿಯ ರಕ್ತದೊತ್ತಡದ ಬಗ್ಗೆ ಇನ್ನೊಂದು ವಾರ ಬರೆಯಬೇಕು.

ಮಗುವಿನ ಮನಸ್ಸಿನ ಆರೋಗ್ಯವೂ ಈ ಕೈಗಳಲ್ಲೇ ಇದೆ. ತಾಯಿ ಮಗುವಿನ ಬಾಂಧವ್ಯದ ಬಗ್ಗೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಪ್ರಸಿದ್ಧ ವರದಿ ಬರೆದುಕೊಟ್ಟ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿಯನ್ನು ಬೆಳೆಸಿದ್ದು ಒಬ್ಬ ಆಯಾ. ಆತನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಆಕೆ ಕೆಲಸ ಬಿಟ್ಟು ಹೋದಳು. ತಾಯಿಯನ್ನೇ ಕಳೆದುಕೊಂಡಂಥ ನೋವು ಅದೆಂದು ಆತ ಮುಂದೆ ಹೇಳಿಕೊಂಡಿದ್ದಾನೆ. ಕೆಲಸಕ್ಕೆ ಹೋಗುವ ತಾಯಂದಿರು ಇದನ್ನು ಓದಿ ಅಪರಾಧಿ ಭಾವ ತಾಳಬೇಕಿಲ್ಲ. ಅಮೆರಿಕದಲ್ಲಿ 1991ರಿಂದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, ಬೇರೆಯವರ ಆರೈಕೆಯಲ್ಲಿ ಇರುವುದರಿಂದಲೇ ತಾಯಿಯೊಂದಿಗಿನ ಬಾಂಧವ್ಯ ಕೆಡುವುದಿಲ್ಲ, ಆರೈಕೆಯ ಗುಣಮಟ್ಟ ಮುಖ್ಯ ಎಂದು ಕಂಡುಬಂತು. ಮಗುವಿನೊಡನೆ ಮಾತಾಡುವುದು, ಅದು 'ಆ' ಎಂದರೆ ತಾನೂ 'ಆ' ಎನ್ನುವುದು, ಅತ್ತಾಗ ಎತ್ತಿಕೊಳ್ಳುವುದು, ಇದೇ ಗುಣಮಟ್ಟ. ಟಿ.ವಿ. ಮುಂದೆ ಕೂರಿಸಿ ಉಣಿಸುವುದು ಅದಲ್ಲ. ಒಂದು ವರ್ಷದವರೆಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು, ನಮ್ಮ ಮಕ್ಕಳ ವೈದ್ಯರ ಸಂಘ ಎರಡು ವರ್ಷದವರೆಗೆ ಬೇಡ ಎನ್ನುತ್ತದೆ. ಆದರೆ ಮಗುವಿನ ಜೊತೆಗೆ ಪಾತ್ರೆ, ಬಟ್ಟೆ, ನೆಲ ಒರೆಸುವುದು, ರಾತ್ರಿಯ ಚಪಾತಿ ಎಲ್ಲವನ್ನೂ ಒಬ್ಬಳ ತಲೆಗೇ ಕಟ್ಟಿದರೆ ಆಕೆ ಟಿ.ವಿ. ಹಾಕದೆ ಇನ್ನೇನು ಮಾಡಿಯಾಳು? ಮಗು ನೋಡಿಕೊಳ್ಳುವವಳಿಗೆ ಮಗುವಿನ ಕೆಲಸವಷ್ಟೇ ಇರಲಿ. ಬಿಸಿ ಸಾರು, ನೀರು ತುಂಬಿದ ಬಕೆಟ್ಟು ಇವುಗಳ ಅಪಘಾತಗಳು ಆಗುವುದೂ ಆಕೆ ಎರಡು ಕಡೆ ಇರಬೇಕಾದಾಗಲೇ. ಆಕೆ ಕೆಲಸ ಬಿಡುವುದಾದರೆ ಒಂದು ತಿಂಗಳು ಮೊದಲೇ ಮಾತಾಡಿಕೊಂಡು, ಹೊಸಬರು ಬಂದ ಮೇಲೂ ಒಂದು ವಾರ ಇಬ್ಬರೂ ಇರುವಂತೆ ನೋಡಿಕೊಳ್ಳಿ. ಮಗು ಮಲಗಿದ್ದಾಗ ಸದ್ದಿಲ್ಲದೆ ಕಳಿಸಿಬಿಡಬೇಡಿ.

ಎಳೆಕೂಸನ್ನು ನೋಡಿಕೊಳ್ಳಲು ಊರಿನಿಂದ ಹನ್ನೊಂದು ಹನ್ನೆರಡರ ಹುಡುಗಿಯನ್ನು ಕರೆತರುವವರಿಗೆ ಒಂದೇ ಮಾತು. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರಿನಿಂದಲೇ ಅಪರಾಧ. 'ನಮ್ಮ ಮನೆ ಮಗಳಂತೆ ಸಾಕುತ್ತೇವೆ' ಎಂಬ ಸಮಜಾಯಿಷಿಯನ್ನು, ನಿಮ್ಮ ಮಗಳು ಆ ಹೊತ್ತಿಗೆ ಶಾಲೆಯಲ್ಲಿರುತ್ತಾಳೆ ಎಂಬುದನ್ನು ನೆನೆದು ಬಿಟ್ಟುಬಿಡಿ.

ಆಯಾಗೂ ಮಕ್ಕಳಿರುತ್ತವೆ. ನರೇಗಾ ಕೆಲಸಕ್ಕೆ ಹೋಗುವ ಹಳ್ಳಿಯ ತಾಯಂದಿರ ಮಕ್ಕಳಿಗಾಗಿ ನಮ್ಮ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ಘೋಷಿಸಿತು, ಒಳ್ಳೆಯ ಕೆಲಸ. ನಗರದಲ್ಲಿ ಇನ್ನೊಬ್ಬರ ಕೂಸನ್ನು ಎತ್ತಿಕೊಂಡ ಹೆಂಗಸಿನ ಕೂಸು ಬಹಳ ಸಲ ಪಕ್ಕದ ಮನೆಯ ಅಜ್ಜಿಯ ಕಣ್ಗಾವಲಿನಲ್ಲಿ ಬೀದಿಯಲ್ಲಿ ಆಡುತ್ತಿರುತ್ತದೆ. ಅದಕ್ಕೆ ಜ್ವರ ಬಂದ ದಿನ ಆಕೆಗೆ ರಜೆ ಬೇಕು. ಆಕೆಗೇ ಜ್ವರ ಬಂದ ದಿನವಂತೂ ಖಂಡಿತ ಬೇಕು. ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂದಾದರೆ ಆಕೆ ಮಾತ್ರೆ ನುಂಗಿ, ಕೆಮ್ಮು ತಡೆದುಕೊಂಡು ಬಂದು ನಿಮ್ಮ ಮಗುವನ್ನು ಎತ್ತಿಕೊಳ್ಳುತ್ತಾಳೆ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿತು. ಆ ದರವನ್ನು ವಿಚಾರಿಸಿ ತಿಳಿದುಕೊಂಡವರು ಎಷ್ಟು ಜನ? ವಾರಕ್ಕೊಂದು ರಜೆ, ಕಾಯಿಲೆಗೆ ಸಂಬಳ ಮುರಿಯದ ರಜೆ ಇವನ್ನು ಮೊದಲೇ ಮಾತಾಡಿ ಒಂದು ಹಾಳೆಯ ಮೇಲೆ ಬರೆದಿಡಿ. ಆಕೆ ಬಾರದ ದಿನ ಯಾರು ಕಚೇರಿಗೆ ರಜೆ ಹಾಕಬೇಕೆಂಬುದನ್ನೂ ಗಂಡ ಹೆಂಡತಿ ಇಬ್ಬರೂ ಕೂತು ಮೊದಲೇ ಗೊತ್ತುಮಾಡಿಕೊಳ್ಳಿ. ಪ್ರತಿಸಲ ಹೆಂಡತಿಯೇ ಏಕೆ ಎಂದು ಕೇಳುವ ಹೆಣ್ಣುಮಕ್ಕಳ ಪರ ನಾನಿದ್ದೇನೆ.

ಇನ್ನೊಂದು ಹಾಳೆಯನ್ನು ಅಡುಗೆಮನೆಯಲ್ಲಿ ಅಂಟಿಸಿ. ನಿಮ್ಮಿಬ್ಬರ ಫೋನ್ ನಂಬರು, ಹತ್ತಿರದ ನೆಂಟರದು, ವೈದ್ಯರದು, ಆಂಬುಲೆನ್ಸಿನ 108. ಮನೆಯ ವಿಳಾಸವನ್ನೂ ಬರೆಯಿರಿ, ಗಾಬರಿಯಲ್ಲಿ ಅಡ್ಡರಸ್ತೆಯ ನಂಬರು ಯಾರಿಗೂ ನೆನಪಿಗೆ ಬರುವುದಿಲ್ಲ. ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ವರ್ಷದೊಳಗಿನ ಮಗುವನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ತಗ್ಗಾಗಿ ಹಿಡಿದು ಬೆನ್ನಿನ ಮೇಲ್ಭಾಗಕ್ಕೆ ಐದು ಸಲ ಗುದ್ದುವುದು, ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸದಿರುವುದು ಇವನ್ನು ಲಸಿಕೆಗೆ ಹೋದ ದಿನ ಆಕೆಯನ್ನೂ ಕರೆದೊಯ್ದು ವೈದ್ಯರಿಂದಲೇ ಕಲಿಸಿಕೊಳ್ಳಿ, ನೀವೂ ಕಲಿಯಿರಿ. ಆಕೆಗೆ ಓದಲು ಬಾರದಿದ್ದರೆ ಚಿಂತೆಯಿಲ್ಲ. ಓ.ಆರ್.ಎಸ್. ಪೊಟ್ಟಣವೊಂದನ್ನು ಒಂದು ಲೀಟರ್ ನೀರಿಗೆ ಕಲಸಬೇಕು. ಒಂದು ಲೀಟರ್ ಎಲ್ಲಿಗೆ ಬರುತ್ತದೆಂದು ಚೊಂಬಿನ ಒಳಗೆ ಅಳೆದು, ಹೊರಮೈಗೆ ಉಗುರು ಬಣ್ಣದಿಂದ ಒಂದು ಗೆರೆ ಎಳೆದು ಕೊಡಿ. ಔಷಧಿಯ ಅಳತೆ ಮುಚ್ಚಳಕ್ಕೂ ಅಂಥದೇ ಒಂದು ಗೆರೆ ಸಾಕು.